ಉಪಕಾರ ಆಯ್ತು

"ಇದು ಎಲೆನೇನ್ಲಾ ಬೋಳಿಮಗನೆ? ಸೌದೆ ತುಂಬ್ಕೊಂಡು ಬಂದಿದ್ದೀಯಲ್ಲ, ನಿಮ್ಮವ್ವನ ಸುಡಾಕಾ?"

ಮೇಸ್ತ್ರಿ ಬರೇತೋ ಬೂಟುಗಾಲಲ್ಲಿ ಒದ್ದ ಏಟಿಗೆ ಗೋಣಿಯ ಗಂಟು ಬಿಚ್ಚಿಕೊಂಡು ಚಹಾದಂತೆ ನೀರಿಗೆ ಹಾಕಿ ಕುಡಿಯುವ ಯೆರ್ಬಾ ಎಲೆಯೆಲ್ಲ ಪರಾಗ್ವೆಯ ಕೆಮ್ಮಣ್ಣಿನ ಮೇಲೆ ಚೆಲ್ಲಿತು. ಕ್ರಿಸ್ಪಿನ್ ಇನ್ನೂ ಮಂಡಿಯೂರಿಕೊಂಡೇ ಇದ್ದ. ತನಗಿಂತ ಭಾರದ ಹೊರೆಯನ್ನು ಹಣೆಗೆ ಪಟ್ಟಿ ಕೊಟ್ಟು ಬೆನ್ನ ಮೇಲೆ ತಂದವನಿಗೆ ಎದ್ದು ನಿಲ್ಲುವುದಕ್ಕೂ ಸ್ವಲ್ಪ ಹೊತ್ತು ಬೇಕು. ಅವನ ಹೆಂಡತಿ ಬಾಸಿಲಿಸಾ ಪಕ್ಕದಲ್ಲೇ ಕೂತು ಎಲೆ ಬಾಚತೊಡಗಿದಳು. ಕೊಯ್ಲಿನಲ್ಲಿ ಎಲೆಯ ಜೊತೆ ಒಂದಿಷ್ಟು ಕಡ್ಡಿ ಬರುವುದು ಇದ್ದದ್ದೇ. ಬರೇತೋಗೂ ಅದು ಗೊತ್ತು. ಬೆಳಗಿನಿಂದ ಯಾರನ್ನೂ ಒದ್ದಿರಲಿಲ್ಲವೇನೋ, ಕಾಲು ಕೆರೆಯುತ್ತಿತ್ತು.

"ಬೇಗ ಬಾಚು ಲೌಡಿ. ನಿಮ್ ಗುಡ್ಲು ಹಿಂದೆ ಗೆಣಸೈತಲ್ಲ, ಅದ್ನೂ ಇವತ್ತೇ ಕಿತ್ಕಳಿ. ಮಧ್ಯಾನ್ನ ಟ್ರ್ಯಾಕ್ಟರ್ ಬತ್ತದೆ. ಅಲ್ಲಿ ಯೆರ್ಬಾ ಸಸಿ ಇಕ್ತಾರೆ."

ಬಾಸಿಲಿಸಾಳ ಕೈ ನಿಂತಿತು. "ಯಾರು ಯೋಳುದ್ರು?"

"ದೊನ್ ಒಲೆಗಾರಿಯೊ ಯೋಳುದ್ರು. ಭೂಮಿ ಅವ್ರುದ್ದು. ನಿನ್ ಕಾಲ್ ಹಿಡ್ದು ಕೇಳ್ಬೇಕಿತ್ತಾ?"

ಗುಡಿಸಲುಗಳ ಹಿಂದಿನ ಆ ಗೆಣಸಿನ ಪಟ್ಟಿ ಅಂಥ ದೊಡ್ಡದೇನಲ್ಲ. ಆದರೆ ತೋಟದಲ್ಲಿ ಎಲೆ ಕೊಯ್ಯುವ ಅಷ್ಟೂ ಸಂಸಾರಗಳ ಹೊಟ್ಟೆ ಅದರ ಮೇಲೆ ನಿಂತಿತ್ತು. ಮರಗೆಣಸಿಗೆ ಕಣಜ ಬೇಡ, ಮಣ್ಣೊಳಗೇ ಕೆಡದೆ ಇರುತ್ತದೆ. ಆಯಾ ದಿನಕ್ಕೆ ಬೇಕಾದಷ್ಟನ್ನು ಕಿತ್ತು ಬೇಯಿಸಿಕೊಂಡರೆ ವರ್ಷ ಕಳೆಯುತ್ತದೆ. ಒಟ್ಟಿಗೆ ಕಿತ್ತು ರಾಶಿ ಹಾಕಿದರೆ ವಾರದೊಳಗೆ ಒಳಗೆಲ್ಲ ಕಪ್ಪಾಗಿ ಬಾಯಿಗಿಡಲು ಬರುವುದಿಲ್ಲ. ಇದು ತಿಳಿಯದ ದಣಿಯೇನಲ್ಲ ಅವನು. ತಿಳಿದೇ 'ಕಿತ್ಕೊಳ್ಳಿ' ಅಂದಿದ್ದಾನೆ. ಅವನ ಬಾಯಿಗೆ ಮಣ್ಣು ಬೀಳಲಿ ಎಂದು ಶಪಿಸೋಣವೆಂದರೆ ಬಾಸಿಲಿಸಾಗೆ ಅಷ್ಟು ತ್ರಾಣವೂ ಇರಲಿಲ್ಲ.

"ಹೋಗಿ ಕೇಳಾನಾ?" ಬರೇತೋ ಅತ್ತ ಹೋದ ಮೇಲೆ ಗಂಡನಿಗೆ ಅಂದಳು.

"ಏನ್ ಕೇಳದು ಬಾಸಿ. ಕೇಳುದ್ರೆ ಗುಡ್ಲೂ ಬಿಡುಸ್ತಾರೆ. ಬಾಯಿ ಒಣ್ಗೋಗೈತೆ, ಮೊದ್ಲು ಒಂದ್ ಗುಟ್ಕು ನೀರು ಕೊಡು."

ಸೋರೆಬುರುಡೆಯಲ್ಲಿ ನೀರು ಮುಗಿದಿತ್ತು. ಕ್ರಿಸ್ಪಿನ್ ಯಾವತ್ತೂ ಹೀಗೇ. ದಣಿಗಳ ಮುಂದೆ ಅವನ ಬಾಯಲ್ಲಿ 'ಹೂಂ' ಬಿಟ್ಟು ಬೇರೆ ಅಕ್ಷರ ಹೊರಟದ್ದನ್ನು ಅವಳು ಕಂಡಿಲ್ಲ. ಬೈಯೋಣವೆಂದು ಬಾಯಿ ತೆರೆದರೆ, ಪಟ್ಟಿ ಒತ್ತಿ ಒತ್ತಿ ಅವನ ಹಣೆಯ ಮೇಲೆ ಬಿದ್ದ ತಗ್ಗು ಕಣ್ಣಿಗೆ ಬೀಳುತ್ತದೆ. ಅಲ್ಲಿಗೆ ಬೈಗುಳ ನಿಲ್ಲುತ್ತದೆ.

ಮಧ್ಯಾಹ್ನ ದಣಿಯೇ ಬಂದ. ಸುದ್ದಿ ಹಬ್ಬಿ, ಕೊಯ್ಯುವವರೆಲ್ಲ ಮಚ್ಚು ಕೆಳಗಿಟ್ಟು ಗುಡಿಸಲುಗಳ ಮುಂದಿನ ಮಾವಿನ ಮರದ ಕೆಳಗೆ ಸೇರಿದ್ದರು. ಆಚೆ ಟ್ರ್ಯಾಕ್ಟರು ನಿಂತಿತ್ತು. ದೊನ್ ಒಲೆಗಾರಿಯೊ ಜೀಪಿನಿಂದ ಕುರ್ಚಿ ಇಳಿಸಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂತ. ಐಸು ಹಾಕಿದ ನೀರಿನ ಹೂಜಿ, ಎತ್ತಿನ ಕೊಂಬಿನ ಲೋಟ, ಬೆಳ್ಳಿಯ ಹೀರುಗೊಳವೆ, ಎಲ್ಲ ಬಂದಿತ್ತು. ತೆರೆರೆ ಕುಡಿಸುವ ಏರ್ಪಾಟು. ಕೊಂಬಿಗೆ ಯೆರ್ಬಾ ಪುಡಿ ತುಂಬಿ ತಣ್ಣೀರು ಹೊಯ್ದು, ಒಬ್ಬರಾದ ಮೇಲೆ ಒಬ್ಬರು ಅದೇ ಗೊಳವೆಯಲ್ಲಿ ಹೀರುತ್ತಾರೆ. ಒಂದೇ ಕೊಂಬಿನಲ್ಲಿ ಕುಡಿದ ಮೇಲೆ ಇದ್ದ ಜಗಳ ಮುಗಿಯಿತೆಂದೇ ಲೆಕ್ಕ.

ಎಲ್ಲರಿಗಿಂತ ಹಿರಿಯಳಾದ ತೊಮಾಸಾ ಮುದುಕಿ ಮುಂದೆ ಬಂದಳು. "ದಣಿ, ಈ ಗೆಣ್ಸು ಬಿಟ್ರೆ ನಮ್ಗೆ ಬ್ಯಾರೆ ಕೂಳಿಲ್ಲ."

"ಗೆಣಸಂತೆ ಗೆಣಸು. ನಮ್ಮ ಅಂಗಡೀಲಿ ರೊಟ್ಟಿ ಇಲ್ವಾ, ಶಾವಿಗೆ ಇಲ್ವಾ? ಮನುಷ್ಯರ ಹಾಗೆ ಕೊಂಡು ತಿನ್ನೋದು ಕಲೀರಿ. ಹಂದಿ ಥರ ಮಣ್ಣು ಕೆದಕ್ಕೊಂಡು ಎಷ್ಟು ದಿನ ಇರ್ತೀರಿ?"

ಬರೇತೋ ಹಲ್ಲು ಕಿಸಿದ.

"ಇರೋಕೆ ಜಾಗ ಕೊಟ್ಟೆ, ಕೆಲಸ ಕೊಟ್ಟೆ. ಇಷ್ಟು ವರ್ಷದಲ್ಲಿ ಒಬ್ಬನ ಬಾಯಲ್ಲಾದ್ರೂ 'ಉಪಕಾರ ಆಯ್ತು' ಅನ್ನೋ ಮಾತು ಬಂದಿಲ್ಲ. ನೆನೆಯೋದು ಗೊತ್ತಿಲ್ಲದ ಜಾತಿ ನಿಮ್ಮದು. ಆದ್ರೂ ಐಸು ತಂದಿದ್ದೀನಿ. ಕುಡೀರಿ, ಇಲ್ಲಿಗೆ ಮಾತು ಮುಗೀಲಿ. ಬರೇತೋ, ಹುಯ್ಯಿ."

ಕೊಂಬು ಮೊದಲು ಬಂದದ್ದು ಬಾಸಿಲಿಸಾಳ ಕೈಗೆ. ಹೊರಮೈಯೆಲ್ಲ ತಣ್ಣಗೆ ಬೆವರಿತ್ತು. ಒಣಗಿದ ಗಂಟಲು ತಾನಾಗಿಯೇ ಎಂಜಲು ನುಂಗಿತು. ಕುಡಿದರೆ ಗೆಣಸಿನ ಮಾತು ಅಲ್ಲಿಗೆ ಮುಗಿಯಿತು. ಅವಳು ದಣಿಯ ಮುಖ ನೋಡಿದಳು.

"ಉಪ್ಕಾರ ಆಯ್ತು ದಣಿ," ಅಂದು ಕೊಂಬನ್ನು ತುಂಬಿದ್ದಂತೆಯೇ ವಾಪಸು ಕೊಟ್ಟಳು.

ತೆರೆರೆಗೆ ಕೂತವರು ಬೇಕಾದಷ್ಟು ಕುಡಿದಾದ ಮೇಲೆ ಕಟ್ಟಕಡೆಗೆ ಆಡುವ ಮಾತು ಅದು. ನನಗೆ ಸಾಕು, ಇನ್ನು ನನ್ನ ಸರದಿ ಬಿಡಿ ಎಂದರ್ಥ. ಒಂದು ಗುಟುಕೂ ಹೀರದೆ ಹಾಗಂದರೆ, ನಿನ್ನ ಜೊತೆ ಕುಡಿಯುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ. ದೊನ್ ಒಲೆಗಾರಿಯೊ ಅಸುನ್ಸಿಯೋನ್ ಪಟ್ಟಣದಲ್ಲಿ ಮನೆ ಕಟ್ಟಿಸಿಕೊಂಡಿದ್ದರೂ ಹುಟ್ಟಿದ್ದು ಇದೇ ಪರಾಗ್ವೆಯ ಕೆಮ್ಮಣ್ಣಿನಲ್ಲಿ. ಅವನ ಕಿವಿ ಕೆಂಪಾಯಿತು. ಬೈಯುವಂತೆಯೂ ಇರಲಿಲ್ಲ, ಅವನೇ ಕೇಳಿದ ಮಾತು.

"ಕುಡಿಯೇ ಮುಂಡೆ," ಬರೇತೋ ಹಲ್ಲು ಕಡಿದ.

"ಅಂದ್ನಲ್ಲಪ್ಪ, ಉಪ್ಕಾರ ಆಯ್ತು ಅಂತ."

ಕೊಂಬು ತೊಮಾಸಾಳ ಕಡೆ ಹೋಯಿತು. "ನಂಗೂ ಉಪ್ಕಾರ ಆಯ್ತು ಕಣಪ್ಪ. ಐಸು ಹಲ್ಗೆ ಜುಮ್ ಅಂತದೆ," ಅಂದಳು. ಮುದುಕಿಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಒಬ್ಬರ ಹಿಂದೆ ಒಬ್ಬರು ಅದನ್ನೇ ಅಂದರು. ಕೆಲವರು ತಲೆ ತಗ್ಗಿಸಿಕೊಂಡು, ಕೇಳಿಸೀತೋ ಇಲ್ಲವೋ ಅನ್ನುವಂತೆ ಅಂದರು. ಬರೇತೋನ ಕೈಗೆ ತುಂಬಿದ ಕೊಂಬು ಮರಳಿ ಮರಳಿ ಬಂತು. ಉಳಿದವನು ಕ್ರಿಸ್ಪಿನ್ ಒಬ್ಬನೇ.

ದಣಿ ಮುಂದಕ್ಕೆ ಬಾಗಿದ. "ಇವನು ಒಳ್ಳೆಯವನು. ಕುಡಿ ಕ್ರಿಸ್ಪಿನ್. ನಿನ್ನ ಗುಡಿಸಲ ಹಿಂದಿನ ಸಾಲಷ್ಟನ್ನ ಉಳಿಸ್ತೀನಿ."

ಕ್ರಿಸ್ಪಿನ್ ಕೊಂಬು ತೆಗೆದುಕೊಂಡ. ಅವನ ತುಟಿ ಗೊಳವೆಯ ಹತ್ತಿರ ಹೋದದ್ದನ್ನು ಬಾಸಿಲಿಸಾ ಕಂಡಳು. ಕುಡಿದರೆ ಕುಡಿಯಲಿ ಅನ್ನಿಸಿತು ಅವಳಿಗೆ, ನಿಜವಾಗಿಯೂ. ಅಷ್ಟು ಸೋತಿದ್ದ. ಕ್ರಿಸ್ಪಿನ್ ಕಣ್ಣು ಮುಚ್ಚಿ ಆ ತಣ್ಣನೆಯ ಕೊಂಬನ್ನು ಹಣೆಗೆ ಒತ್ತಿಕೊಂಡ. ಆಮೇಲೆ ವಾಪಸು ಚಾಚಿದ.

"ಉಪ್ಕಾರ ಆಯ್ತು."

ದೊನ್ ಒಲೆಗಾರಿಯೊ ಕೊಂಬು ಕಿತ್ತುಕೊಂಡು ನೀರನ್ನು ನೆಲಕ್ಕೆ ಚೆಲ್ಲಿದ. "ಟ್ರ್ಯಾಕ್ಟರ್ ಬಿಡಿ," ಅಂದ. "ಗುಡಿಸಲು ಅಡ್ಡ ಬಂದ್ರೆ ಅದನ್ನೂ ಹೊಡೀರಿ."

ಕೊಯ್ಯುವವರು ಒಬ್ಬೊಬ್ಬರೇ ಗುಡಿಸಲುಗಳ ಹಿಂದೆ ಹೋಗಿ ಗೆಣಸಿನ ಸಾಲುಗಳ ನಡುವೆ ಕೂತರು. ಕಂಡವರು ಇದಕ್ಕೆ ಧೈರ್ಯ ಅನ್ನಲಿ, ಹಟ ಅನ್ನಲಿ, ಬಾಸಿಲಿಸಾಳ ಕಾಲಿನಲ್ಲಿ ಮಾತ್ರ ನಿಲ್ಲುವ ಶಕ್ತಿ ಉಳಿದಿರಲಿಲ್ಲ. ಕ್ರಿಸ್ಪಿನ್ ಅವಳ ಪಕ್ಕದಲ್ಲಿ ನೆಲಕ್ಕೆ ಬೆನ್ನು ಹಾಕಿದ. ಟ್ರ್ಯಾಕ್ಟರು ಗುರ್ರೆಂದು, ಯಾರೂ ಕೂತಿರದ ಅಂಚಿನ ಸಾಲನ್ನು ಮಗುಚಿತು. ಮುರಿದ ಗೆಣಸುಗಳು ಬೆಳ್ಳಗೆ ಮೇಲೆದ್ದು ಬಂದವು.

"ಇತ್ಲಾಗೇ ಬತ್ತಾ ಐತೆ," ಅಂದಳು.

ತಿರುಗಿ ನೋಡಿದರೆ ಕ್ರಿಸ್ಪಿನ್ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಟ್ರ್ಯಾಕ್ಟರು ಅಂಚಿನಲ್ಲಿ ತಿರುಗಿ ಇವರ ಸಾಲಿಗೆ ಇಳಿಯಿತು. ಅವನನ್ನು ಎಬ್ಬಿಸಲು ಅವಳಿಗೆ ಮನಸ್ಸಾಗಲಿಲ್ಲ. ಹತ್ತಿರ ಸರಿದು ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.