ಗೂಡಿನ ಮೇಲೆ ತೂಗಿದ ಪುದೀನ

ಬಡಗಿಯ ಮನೆಯ ಹಿಂಬದಿಯ ಸೂರಿನಡಿ ಮೊಲದ ಗೂಡುಗಳಿದ್ದವು. ಕೆಲಸದಲ್ಲಿ ಮಿಕ್ಕ ಹಲಗೆಗಳಿಂದ ಅವನೇ ಅವುಗಳನ್ನು ಹೆಂಡತಿಗೆ ಮಾಡಿಕೊಟ್ಟಿದ್ದನು. ಮರಿಗಳು ತಾಯಿಯ ಹಾಲು ಕುಡಿಯುವವರೆಗೆ ದುಂಡಗೆ ಬೆಳೆಯುತ್ತಿದ್ದವು. ಹಾಲು ಬಿಡಿಸಿ ಬೇರೆ ಗೂಡಿಗೆ ಹಾಕಿದೊಡನೆ ಹೊಟ್ಟೆಯುಬ್ಬರ, ಭೇದಿ. ಎರಡು ಸೂಲಿನ ಮರಿಗಳು ಹೀಗೆಯೇ ಕಣ್ಮುಚ್ಚಿದವು.

"ಈ ಸಲದವೂ ಉಳೀಲಿಲ್ಲ ಅಂದ್ರೆ ಗೂಡು ಬಿಚ್ಚಿಬಿಡ್ತೀನಿ ಕಣೇ," ಎಂದನು ಬಡಗಿ. "ಸಾಯೋದನ್ನ ನೋಡೋಕೆ ನನ್ನ ಕೈಲಾಗಲ್ಲ."

ಹೆಂಡತಿ ಗೂಡಿಗೆ ಮೇವು ಹಾಕತೊಡಗಿದಳು. ಇದು ನನ್ನದೆಂದು ಹೇಳಿಕೊಳ್ಳಲು ಆಕೆಗಿದ್ದ ಕಸುಬು ಇದೊಂದೇ.

ಹಾಲು ಬಿಡಿಸುವ ದಿನಗಳು ಹತ್ತಿರವಾದಾಗ ಅವಳ ಅತ್ತೆಯ, ಅಂದರೆ ಬಡಗಿಯ ತಾಯಿಯ, ತಮ್ಮನ ಮಗಳು ಬಂದಳು. ಹೊರಗೆ ಪಶುವೈದ್ಯೆ, ಈ ಮನೆಯಲ್ಲಿ ಇನ್ನೂ 'ಪುಟ್ಟಿ'ಯೇ. ಮರಿಗಳನ್ನು ಒಂದೊಂದಾಗಿ ಎತ್ತಿ ಹೊಟ್ಟೆ ಮುಟ್ಟಿ ನೋಡಿದಳು.

"ಚೆನ್ನಾಗಿವೆ ಅತ್ತಿಗೆ. ಇನ್ಮೇಲೆ ಮೇವಿಗೆ ಪುದೀನ, ಕಾಮಕಸ್ತೂರಿ ಎಲೆ ಬೆರೆಸಿ ಕೊಡಿ."

ಅತ್ತೆ ಗೊಳ್ಳೆಂದು ನಕ್ಕರು. "ಇದನ್ನ ಹೇಳೋಕೆ ಅಷ್ಟು ವರ್ಷ ಓದಿದ್ಯೇನೇ ಪುಟ್ಟಿ? ಪುದೀನಾನ ನಾನು ಆಗ್ಲೇ ಕೊಟ್ಟಾಯ್ತು. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ನೆ ಅಂದ್ರಾ?"

"ಹೇಗೆ ಕೊಟ್ರಿ ಅತ್ತೆ?"

"ಹೇಗೆ ಅಂದ್ರೆ? ಕಣ್ಣಿಲ್ವಾ, ಮೇಲೆ ನೋಡು."

ಗೂಡುಗಳ ಮೇಲೆ ಪುದೀನದ ಕಟ್ಟುಗಳು ತೂಗುತ್ತಿದ್ದವು. ಬಟ್ಟೆಯ ಪೆಟ್ಟಿಗೆಗೆ ಹುಳು ಹತ್ತದಿರಲೆಂದು ಪರಿಮಳದ ಎಲೆಯಿಡುವುದು ಅತ್ತೆಯ ವಾಡಿಕೆ. ಅದೇ ನ್ಯಾಯವನ್ನು ಹಿಂದಿನ ಸೂಲುಗಳ ಕಾಲದಿಂದಲೂ ಮೊಲಗಳಿಗೆ ಅನ್ವಯಿಸಿದ್ದರು. ವಾಸನೆ ಆರಬಾರದೆಂದು ದಿನವೂ ನೀರನ್ನು ಬೇರೆ ಚಿಮುಕಿಸುತ್ತಿದ್ದರು.

ಪುಟ್ಟಿ ಗೂಡಿನೊಳಗಿನಿಂದ ಒಂದು ಹಿಡಿ ಹುಲ್ಲುಹಾಸನ್ನು ತೆಗೆದು ಅತ್ತೆಯ ಅಂಗೈಗಿಟ್ಟಳು. ಹಿಂಡಿದರೆ ನೀರಿಳಿಯುವಂತಿತ್ತು.

ಅತ್ತೆಯ ನಗೆ ಮಾಯವಾಯಿತು. "ಹಾಗಾದ್ರೆ ಆ ಮರಿಗಳನ್ನ ನಾನೇ..."

"ಅದೊಂದೇ ಕಾರಣ ಅಂತ ಯಾರು ಹೇಳೋಕಾಗತ್ತೆ? ಹಾಲು ಬಿಡೋ ಹೊತ್ತಲ್ಲಿ ಮರಿ ಹೊಟ್ಟೆ ಬಲು ಎಳಸು ಅತ್ತೆ. ಹಾಸು ಒದ್ದೆಯಾದ್ರೂ ಕಷ್ಟ, ಮೇವು ತಟ್ಟನೆ ಬದಲಾದ್ರೂ ಕಷ್ಟ. ಈ ಎಲೆಯ ಘಾಟು ಹೊಟ್ಟೆಗೆ ಹೋದ್ರೆ ಕೆಟ್ಟ ಕ್ರಿಮಿ ಹೆಚ್ಚದ ಹಾಗೆ ತಡೆಯೋಕೆ ನೆರವಾಗತ್ತೆ, ಬಾಯಿಗೂ ರುಚಿ. ಮೂಗಿನ ಮುಂದೆ ತೂಗಾಡಿದ್ರೆ ಏನು ಬಂತು?"

"ಸರಿ ಹಾಗಾದ್ರೆ, ಬುಟ್ಟಿಗಟ್ಟಲೆ ತಿನ್ನಿಸ್ತೀನಿ!"

"ಅಯ್ಯೋ, ಬೇಡ! ಹಸಿ ಎಲೆ ರಾಶಿ ಹಾಕಿದ್ರೆ ಮತ್ತೆ ಅದೇ ಭೇದಿ. ನೆರಳಲ್ಲಿ ಗರಿಗರಿಯಾಗಿ ಒಣಗಿಸಿ, ಪುಡಿ ಮಾಡಿ. ಕಿಲೋ ಮೇವಿಗೆ ಹತ್ತು ಗ್ರಾಂ ಸಾಕು. ಬೂಷ್ಟು ಬಂದಿದ್ರೆ ಎಸೀರಿ. ಒಣಹುಲ್ಲು, ಶುದ್ಧ ನೀರು ಎಲ್ಲಕ್ಕಿಂತ ಮೊದಲು. ಮರಿ ಮಂಕಾದ್ರೆ ಮಾತ್ರ ಎಲೆ ನಂಬ್ಕೊಂಡು ಕೂರ್ಬೇಡಿ, ತಕ್ಷಣ ನನ್ನನ್ನ ಕರೀರಿ."

"ಅಮ್ಮ ಒಪ್ಪಿದ ಹಾಗೇ!" ಎಂದನು ಅಷ್ಟರಲ್ಲಿ ಕೆಲಸ ಬಿಟ್ಟು ಬಂದ ಬಡಗಿ. "ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು."

ಅತ್ತೆ ಮಗನನ್ನು ದುರುಗುಟ್ಟಿ ನೋಡಿದರು. ಬಳಿಕ ಮಣೆ ಹತ್ತಿ ಕಟ್ಟುಗಳನ್ನೆಲ್ಲ ತಾವೇ ಇಳಿಸಿದರು. "ಒಣಗಿಸೋದು ನನ್ನ ಕೆಲಸ. ಎಲೆ ಹಸಿರು ಮಾಸದ ಹಾಗೆ ಒಣಗಿಸೋದನ್ನ ಯಾವ ಡಾಕ್ಟರೂ ನನಗೆ ಕಲಿಸ್ಬೇಕಿಲ್ಲ. ನೀನು ಮಾತು ಬಿಟ್ಟು ಒಂದು ಜಾಲರಿ ತಟ್ಟೆ ಮಾಡ್ಕೊಡು."

ಬಡಗಿ ಮಾಡಿಕೊಟ್ಟನು. ಅತ್ತೆ ಒಣಗಿಸಿದರು, ಸೊಸೆ ತೂಗಿ ಬೆರೆಸಿದಳು, ಹಳೆಯ ಮೇವಿಗೆ ಹೊಸದನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಕೂಡಿಸಿದಳು. ಹಾಲು ಬಿಡಿಸಿದ ಮೇಲೆ ಪ್ರತಿ ಬೆಳಿಗ್ಗೆ ಗೂಡಿನ ಬಾಗಿಲು ತೆರೆದೊಡನೆ ಅವಳು ಮೊದಲು ಮರಿಗಳನ್ನು ಎಣಿಸುತ್ತಿದ್ದಳು. ಪ್ರತಿ ಬೆಳಿಗ್ಗೆಯೂ ಮರಿಗಳು ಕಿವಿ ನಿಮಿರಿಸಿ, ಒಂದನ್ನೊಂದು ತಳ್ಳಿಕೊಂಡು ಎದುರಿಗೆ ಬಂದವು. ಅಪಾಯದ ದಿನಗಳು ಕಳೆದವು. ಒಂದು ಮರಿಯೂ ಕಡಿಮೆಯಾಗಲಿಲ್ಲ.

ನೆರೆಮನೆಯಾಕೆ ಬಂದು ಬೆರಗಾದಳು. "ಏನಮ್ಮಾ, ಮಂತ್ರ ಹಾಕಿಸಿದ್ರಾ?"

"ಮಂತ್ರ ಯಾಕೆ? ನನ್ನ ಸೊಸೆ ಕೈಗುಣ ಅದು!" ಎಂದರು ಅತ್ತೆ, ಕೊಬ್ಬಿದ ಮರಿಯೊಂದನ್ನು ಎತ್ತಿ ಹಿಡಿದು. "ಬೇಕಾದ್ರೆ ಎಣಿಸ್ಕೋ. ನಮ್ಮ ಮನೆ ಮೊಲಕ್ಕೆ ನಾಲ್ಕೂ ಕಾಲು!"

ಹಿಂದೆ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಗೂಡು ಬಿಚ್ಚುವೆನೆಂದಿದ್ದವನು ಅದರ ಮೇಲೆ ಇನ್ನೊಂದು ಅಂತಸ್ತು ಕಟ್ಟುತ್ತಿದ್ದನು.

ಮೊಲ ಸಾಕುವ ಅಕ್ಕಂದಿರೇ, ಅಣ್ಣಂದಿರೇ, ನೋವನ್ನು ಹೇಳಿಕೊಳ್ಳಲಾರದ ಜೀವಗಳನ್ನು ಭಗವಂತನು ನಮ್ಮ ಕೈಗೆ ಒಪ್ಪಿಸಿದ್ದಾನೆ. ಅವುಗಳ ಪರವಾಗಿ ಅರಿಯಬೇಕಾದವರು ನಾವು. ಗೂಡನ್ನು ಒದ್ದೆಯಾಗದಂತೆ ಇಡಿ. ಪರಿಮಳದ ಎಲೆಯನ್ನು ಒಣಗಿಸಿ, ಅಳತೆಯರಿತು ಮೇವಿನಲ್ಲಿ ಬೆರೆಸಿ. ಬೆರೆಸುವ ಮೊದಲು ನಿಮ್ಮ ಪಶುವೈದ್ಯರನ್ನೊಮ್ಮೆ ಕೇಳಿ. ನಾಳೆ ಗೂಡಿನ ಬಾಗಿಲು ತೆರೆದಾಗ ಎಳೆಯ ಕಿವಿಗಳೆಲ್ಲ ನಿಮ್ಮತ್ತ ನಿಮಿರಲಿ. ನೀವೂ ತಲೆಯೆತ್ತಿ ಹೇಳಿ: ಇವು ನಾನು ಉಳಿಸಿದ ಜೀವಗಳು.