ನನ್ನ ಗಂಟಲಿಗೆ ಗ್ರೀಸ್ ಮೆತ್ತಿದ ದಿನ

ನಾನು ಒಂದು ಹಲಗೆ. ಸುಮ್ಮನೆ ಬಿದ್ದ ಹಲಗೆಯಲ್ಲ. ನಡುವೆ ಕಬ್ಬಿಣದ ಅಚ್ಚು, ಅದರ ಮೇಲೆ ಏರಿಳಿಯುವ ಹನ್ನೆರಡು ಅಡಿಯ ಸೀ-ಸಾ. ಮಕ್ಕಳು ಆಡುವುದಲ್ಲ, ಅಡೆತಡೆ ಓಟದ ಸ್ಪರ್ಧೆಯಲ್ಲಿ ನಾಯಿಗಳು ಓಡುವುದು. ಈ ಕಡೆ ಏರಿ, ನಾನು ವಾಲಿದ ಮೇಲೆ ಆ ಕಡೆ ಇಳಿಯಬೇಕು. ನಡುವೆ ಹಾರಿದರೆ ಆಟದಿಂದ ಹೊರಗೆ. ಇಷ್ಟು ತಿಳಿಯಲು ನಾಯಿಗಿಂತ ಮನುಷ್ಯರಿಗೇ ಹೆಚ್ಚು ಹೊತ್ತು ಬೇಕು.

ಹುಟ್ಟಿದ್ದು ಮುಧೋಳದಲ್ಲಿ, ಮೌನಪ್ಪ ಬಡಿಗೇರನ ಅಂಗಳದಲ್ಲಿ. ಅದಕ್ಕೂ ಮೊದಲು ಗಾರೆಯವರು ತುಳಿಯುವ ಹಲಗೆಯಾಗಿದ್ದೆ, ಮೈತುಂಬ ಸಿಮೆಂಟು. ಮೌನಪ್ಪ ಕೆರೆದು, ತುದಿಗಳಿಗೆ ಹಳದಿ ಬಳಿದು, "ಮದುಮಗ ಆದಿ ನೋಡಲೇ" ಎಂದ. ಆದರೆ ಅಚ್ಚು ಹಳೇ ಎತ್ತಿನ ಚಕ್ಕಡಿಯದು. ವಾಲುವ ಮುನ್ನ ನಾನು 'ಕಿರ್ರ್' ಎನ್ನುತ್ತಿದ್ದೆ. ಹುಟ್ಟುಗುಣ, ಏನು ಮಾಡಲಿ?

ನನ್ನನ್ನು ಮಾಡಿಸಿದವಳು ಬಸ್ ಕಂಡಕ್ಟರ್ ಗೌರವ್ವ ತಳವಾರ. ಅವಳ ನಾಯಿ ಜಿಂಗಿ ಉದ್ದ ಕಾಲಿನ ಬೇಟೆ ತಳಿ. ಎದೆ ಮಾತ್ರ ಗುಬ್ಬಿಯದು. ಪಾತ್ರೆ ಬಿದ್ದರೆ ಮಂಚದಡಿ ಸೇರುತ್ತಿತ್ತು. ಗೌರವ್ವನ ಗಂಡ ಯಮನೂರಪ್ಪ ಕಡ್ಡಿ ಮುರಿದಂತೆ ಹೇಳಿದ್ದ: "ಈ ಅಂಜುಬುರುಕಿನ್ನ ಸಾಕಿ ಸಾಕಾತು. ಸ್ಪರ್ಧೆದಾಗ ಒಂದರ ಸಲ ಪೂರಾ ಓಡ್ಲಿ. ಇಲ್ಲಂದ್ರ ನಮ್ಮಕ್ಕನ ಊರಿಗಿ ಕಳಿಸಿಬಿಡ್ತೀನಿ."

ಆರು ತಿಂಗಳು ಕಲಿಸಿದಳು. ಕಂಡಕ್ಟರ್ ಭಾಷೆ ಬಿಟ್ಟರೆ ಅವಳಿಗೆ ಬೇರೆ ಬಾರದು. 'ರೈಟ್' ಅಂದರೆ ಓಡು, 'ಹೋಲ್ಡಾನ್' ಅಂದರೆ ನಿಲ್ಲು. ಜಿಂಗಿ ತಾನಾಗಿ ಇನ್ನೊಂದು ಕಲಿತಿತ್ತು: ನಾನು ಕಿರ್ರ್ ಎಂದೊಡನೆ ಹೊಟ್ಟೆ ತಗ್ಗಿಸುವುದು, ಟಪ್ಪೆಂದು ನೆಲ ಮುಟ್ಟಿದ ಮೇಲೆ ಓಡುವುದು. ನನ್ನ ಕೆಟ್ಟ ಧ್ವನಿಯನ್ನು ನಂಬಿದ ಜೀವ ಅದೊಂದೇ.

ಊರಲ್ಲಿ ಬೇರೆ ಸೀ-ಸಾ ಇರಲಿಲ್ಲ, ಸ್ಪರ್ಧೆಯ ಮೈದಾನಕ್ಕೂ ನನ್ನನ್ನೇ ಒಯ್ದರು. ಅಂದು ಬೆಳಗ್ಗೆ ಮೌನಪ್ಪ ಗ್ರೀಸ್ ಡಬ್ಬಿ ಹಿಡಿದು ಬಂದ. "ಇಷ್ಟ್ ಮಂದಿ ಮುಂದ ಇದು ಕಿರಗುಟ್ಟಿದ್ರ ನನ್ನ ಮರ್ಯಾದಿ ಏನಾಗ್ಬೇಕ?" ಎಂದು ಗೊಣಗುತ್ತ ಗಂಟಲ ತುಂಬ ಮೆತ್ತಿದ. ಒಳ್ಳೆಯವನೇ. ಕಾಲಿದ್ದರೆ ಒದೆಯುತ್ತಿದ್ದೆ.

ಜಿಂಗಿ ಅಡ್ಡಗೋಲು ಹಾರಿ, ಟೈರಿನೊಳಗೆ ನುಗ್ಗಿ, ಬಟ್ಟೆಯ ಸುರಂಗದಿಂದ ಬಾಣದಂತೆ ಹೊರಬಂದು ನನ್ನ ಮೇಲೇರಿತು. ನಡುವೆ ನಿಂತುಬಿಟ್ಟಿತು. ಕಿವಿ ನಿಮಿರಿಸಿ ಕಾಯಿತು. ಕೂಗೋಣವೆಂದರೆ ನನ್ನ ಗಂಟಲು ಬೆಣ್ಣೆ! ಅದರ ಉಗುರು ನನ್ನ ಬೆನ್ನನ್ನು ಕಚ್ಚಿ ಹಿಡಿದಿತ್ತು. ತೀರ್ಪುಗಾರ ಗಡಿಯಾರ ನೋಡಿದ. ಕೈಯಿಂದ ತಳ್ಳುವಂತಿಲ್ಲ, ಅದು ನಿಯಮ.

"ರೈಟ್! ಜಿಂಗೀ, ರೈಟ್!" ಗೌರವ್ವ ಅರಚಿದಳು. ನಾಯಿ ಅಲ್ಲಾಡಲಿಲ್ಲ. ಆಗ ಅವಳ ಕಣ್ಣು ಅಚ್ಚಿನ ಮೇಲೆ ಹೊಳೆಯುವ ಗ್ರೀಸಿಗೆ ಬಿತ್ತು. "ನಿನ್ನ ಕೈ ಸೇದಿಹೋಗ್ಲಿ ಮೌನಪ್ಪಾ!" ಎಂದವಳೇ ಬಾಯಿ ಅಗಲಿಸಿ, "ಕಿರ್ರ್ರ್ರ್!" ಎಂದಳು.

ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತು. ಜಿಂಗಿ ನಗಲಿಲ್ಲ, ಹೊಟ್ಟೆ ತಗ್ಗಿಸಿ ಒಂದು ಹೆಜ್ಜೆ ತೆವಳಿತು. ನಾನು ವಾಲಿದೆ. ಟಪ್! "ರೈಟ್!" ಬಾಲವೆತ್ತಿ ಕೊನೆಯ ಗೆರೆ ದಾಟಿಯೇಬಿಟ್ಟಿತು.

ಹನ್ನೆರಡು ನಾಯಿಗಳಲ್ಲಿ ಒಂಬತ್ತನೆಯದು. ಆದರೂ ಯಮನೂರಪ್ಪ ಅದನ್ನು ಹೆಗಲ ಮೇಲೆ ಹೊತ್ತ. "ಏನ್ ಧ್ವನಿ ತಗೀತಿ ಮಾರಾಯ್ತಿ!" ಎಂದ ಹೆಂಡತಿಗೆ.

"ಅಕ್ಕನ ಊರಿಗಿ ಕಳಸ್ತೀನಿ ಅಂದಿದ್ದಿಯಲ್ಲ, ಅದ್ಕ ಈ ಧ್ವನಿ ಹೊಂಟ್ತು," ಎಂದಳು ಅವಳು.

ಈಗ ಅವರ ಹಿತ್ತಿಲ ಬೇವಿನ ಕೆಳಗೆ ನಿಂತಿದ್ದೇನೆ. ಹಳದಿ ಉದುರಿದೆ, ಒಂದು ತುದಿಗೆ ಗೆದ್ದಲು ಹತ್ತಿದೆ. ಗ್ರೀಸ್ ಎಂದೋ ಒಣಗಿ ಧ್ವನಿ ಮರಳಿದೆ. ಮುಪ್ಪಿನಲ್ಲಿ ಇನ್ನೇನು ಬೇಕು? ಸಂಜೆಯಾದರೆ ಮೂತಿ ಬೆಳ್ಳಗಾದ ಜಿಂಗಿ ಬಂದು ನನ್ನ ಮೇಲೆ ಮುಂಗಾಲಿಡುತ್ತದೆ. ನಾನು ಕಿರ್ರ್ ಎನ್ನುತ್ತೇನೆ. ಅದು ಹೊಟ್ಟೆ ತಗ್ಗಿಸುತ್ತದೆ. ಆಗ ಒಳಗಿನಿಂದ ಯಮನೂರಪ್ಪ ಕೂಗುತ್ತಾನೆ: "ರೈಟ್!"