ಮೇಣ ಹಚ್ಚಿದ ಭರಣಿ

“ನನ್ನ ಮಾತು ಕೇಳಿ ಮುಚ್ಚಿದ ಭರಣಿ ಹನ್ನೆರಡು ವರ್ಷ ಕೆಡ್ತಿಲ್ಲೆ ತಂಗಿ. ಬ್ರಿಟಿಷರ ಕಾಲದಲ್ಲಿ ಹಾಕಿದ ಮಾವಿನಮಿಡಿ ಸ್ವಾತಂತ್ರ್ಯ ಬಂದ ಮೇಲೆ ಕಚ್ಚಿದರೆ, ಕಟುಂ ಹೇಳುವ ಸದ್ದು ಭಟ್ಕಳ ಪೇಟೆಗೆ ಕೇಳಿತ್ತು.”

“ಅಷ್ಟೂ ನಿಜವ ಅಮ್ಮಮ್ಮ?” ಸುಮತಿ ನಕ್ಕಳು.

“ಅರ್ಧ ಸುಳ್ಳು. ಯಾವ ಅರ್ಧ ಹೇಳಿ ಕೇಳಡ.”

ಅದು ಅರವತ್ತೊಂದನೇ ಇಸವಿಯ ಚೈತ್ರ. ಶಿರಾಲಿಯ ಆ ಮನೆಯ ಹಿತ್ತಿಲ ಜಗುಲಿಯಲ್ಲಿ ನಾಲ್ಕು ಭರಣಿಗಳಿದ್ದವು. ಮನೆಯ ಯಜಮಾನ ವೆಂಕಟ್ರಮಣನ ಸೋದರತ್ತೆ ಮಹಾಲಕ್ಷ್ಮೀ ಬೋಳುತಲೆಯ ಮೇಲೆ ಕೆಂಪು ಸೆರಗು ಹೊದ್ದು ಎರಡು ಮಾರು ದೂರ ಕೂತಿದ್ದಳು. ವಿಧವೆಯ ಕೈ ತಾಗಿದರೆ ಉಪ್ಪಿನಕಾಯಿ ಕೆಡುತ್ತದೆ ಎಂಬುದು ಮನೆಯ ಕಟ್ಟಳೆ. ಹದ ಅವಳದು, ಕೈ ಸುಮತಿಯದು.

ಇಂಗಿನ ಹೊಗೆ ಹಿಡಿಸಿದ ಭರಣಿಗೆ ಮಿಡಿ, ಉಪ್ಪುನೀರು ತುಂಬಿದ ಮೇಲೆ, ಸುಮತಿ ಕರಟದ ಚೂರಿನಲ್ಲಿ ಎಣ್ಣೆಬತ್ತಿ ಹಚ್ಚಿ ನೀರಿನ ಮೇಲೆ ತೇಲಿಬಿಟ್ಟಳು. ಅಂಚಿಗೆ ಜೇನುಮೇಣ ಮೆತ್ತಿದ ಮುಚ್ಚಳವನ್ನು ಒತ್ತಿ ಹಿಡಿದಳು.

“ಸ್ವಲ್ಪ ತಡೆ. ಈಗ ಎಳೆದು ನೋಡು.”

ಮುಚ್ಚಳ ಅಲ್ಲಾಡಲಿಲ್ಲ.

“ಒಳಗಿನ ಗಾಳಿ ತಿಂದು ಬತ್ತಿ ಆರಿತು. ದೀಪ ಆರಿದ ಮೇಲೇ ಮುಚ್ಚಳ ಗಟ್ಟಿ ಹಿಡಿತ್ತು.”

ಹೊಸಿಲಲ್ಲಿ ಕೂತಿದ್ದ ಸುಮತಿಯ ಗಂಡ ವಿಘ್ನೇಶ್ವರ ಕೆಣಕಿದ. “ಮೇಷ್ಟ್ರಮ್ಮ ಕುಮಟೆಗೆ ಹೋದ ಮೇಲೆ ನಂಗೆ ಮಿಡಿ ಬಡಿಸುವವರು ಯಾರು ಅಮ್ಮಮ್ಮ?” ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಹೆಂಡತಿಯ ಪರವಾಗಿ ಕುಮಟೆಯ ಶಿಕ್ಷಕರ ಟ್ರೇನಿಂಗಿಗೆ ಅರ್ಜಿ ಬರೆದವನು ಅವನೇ.

ಆಷಾಢದಲ್ಲಿ ಅವನಿಗೆ ಜ್ವರ ಬಂತು. ಹನ್ನೊಂದನೆಯ ದಿನ ಹೋಗಿಬಿಟ್ಟ.

ಸುಮತಿಯನ್ನು ಉಗ್ರಾಣದ ಪಕ್ಕದ ಕತ್ತಲೆ ಕೋಣೆಯಲ್ಲಿ ಕೂರಿಸಿದರು. ಭರಣಿಗಳೂ ಅಲ್ಲೇ ಇದ್ದವು. “ನಾನು ಹದಿನಾಲ್ಕಕ್ಕೆ ಕೂತವಳು. ರೂಢಿ ಆಗ್ತು ತಂಗಿ” ಎಂದು ಬಾಗಿಲು ಎಳೆದವಳು ಮಹಾಲಕ್ಷ್ಮಿಯೇ.

ಇಪ್ಪತ್ತು ದಿನ ಕಳೆದ ಮೇಲೆ ಕುಮಟೆಯಿಂದ ಕಾಗದ ಬಂತು. ಸೋಮವಾರದೊಳಗೆ ಬಂದು ಸೇರಬೇಕು. ಮಾವ ವೆಂಕಟ್ರಮಣ ಅದನ್ನು ಪಂಚಾಂಗದೊಳಗೆ ಇಟ್ಟುಬಿಟ್ಟ.

“ಮಗ ಹೋದ ಅತ್ತೆ. ಸೊಸೆಯೂ ಬಸ್ಸು ಹತ್ತಿದರೆ ಊರವು ಎಂತ ಹೇಳ್ತ? ಒಳಗಿದ್ದರೆ ಯಾರ ಕಣ್ಣೂ ತಾಗ್ತಿಲ್ಲೆ. ಅನ್ನಕ್ಕೆ ಕಮ್ಮಿ ಮಾಡ್ತಿಲ್ಲೆ ನಾವು.” ಅವನ ಧ್ವನಿಯಲ್ಲಿ ಕೇಡಿರಲಿಲ್ಲ, ಹೆದರಿಕೆಯಿತ್ತು.

“ಆ ಭರಣಿಗಳನ್ನೂ ತೆಂಗಿನ ಬುಡಕ್ಕೆ ಚೆಲ್ಲಿಸಿ ಅತ್ತೆ” ಎಂದಳು ಅವನ ಹೆಂಡತಿ ಸುಬ್ಬಲಕ್ಷ್ಮಿ. “ಈಗ ಆ ಕೈ ಮುಟ್ಟಿದ್ದನ್ನ ಬಡಿಸಲೆ ಆಗ್ತಿಲ್ಲೆ.”

ಮಹಾಲಕ್ಷ್ಮೀ ಕೋಣೆಯ ಬಾಗಿಲು ತೆರೆದಳು. ಭರಣಿಗಳ ನಡುವೆ ಸುಮತಿ ಐದನೆಯದರಂತೆ ಕೂತಿದ್ದಳು. ನಗಿಸಬೇಕೆಂದು ಮುದುಕಿ ಹಳೆಯ ಬಡಾಯಿ ತೆಗೆದಳು. “ಈ ಸಲದ ಮಿಡಿ ಇಪ್ಪತ್ತು ವರ್ಷ ಬತ್ತು ನೋಡು.”

ನಿಜವೇ ಎಂದು ಸುಮತಿ ಕೇಳಲಿಲ್ಲ. “ಅಮ್ಮಮ್ಮ, ಒಳಗೆ ಆ ಬತ್ತಿ ಆರಲೆ ಎಷ್ಟು ಹೊತ್ತು ಬೇಕು?” ಎಂದಳು.

ಮಹಾಲಕ್ಷ್ಮೀ ಬಗ್ಗಿ ಒಂದು ಭರಣಿಯ ಮೇಣದ ಅಂಚನ್ನು ಬೆರಳಿನಿಂದ ಸವರಿದಳು.

ಮಧ್ಯಾಹ್ನ ವೆಂಕಟ್ರಮಣ ಊಟಕ್ಕೆ ಕೂತಾಗ ಅವಳು ಒಂದು ಭರಣಿಯನ್ನು ತಾನೇ ಎತ್ತಿ ತಂದಳು. ಸುಬ್ಬಲಕ್ಷ್ಮಿ ಕೈ ಅಡ್ಡ ಹಿಡಿದಳು. ಅಷ್ಟರೊಳಗೆ ಕತ್ತಿಯ ಮೊನೆ ಮೇಣ ಸೀಳಿತ್ತು. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಮಿಡಿಗಳು ಹಸಿರಾಗಿಯೇ ಇದ್ದವು. ಒಂದನ್ನು ಎಲೆಯ ತುದಿಗೆ ಬಡಿಸಿದಳು.

“ತಿನ್ನು ತಮಾ.”

“ಅತ್ತೆ, ನಿಮ್ಮ ಕೈಯಿಂದ…”

“ಹೆತ್ತ ಆಯಿಯ ಕೈಗುಣ ಹೇಳಿ ಮೂವತ್ತು ವರ್ಷ ಹೊಗಳಿ ತಿಂದೆ. ನಿನ್ನ ಆಯಿಗೆ ಉಪ್ಪಿನ ಹದವೇ ಗೊತ್ತಿತ್ತಿಲ್ಲೆ. ರಾತ್ರಿ ನನ್ನ ಕರೆದು ಹಾಕಿಸ್ತಿತ್ತು, ಬೆಳಿಗ್ಗೆ ತಾನು ಬಡಿಸ್ತಿತ್ತು. ನಿನ್ನ ಮುಂಜಿಗೆ, ಮದುವೆಗೆ, ಇಡಗುಂಜಿಯ ಸಂತರ್ಪಣೆಗೆ, ಎಲ್ಲಕ್ಕೂ ಈ ಮುಂಡೆಯ ಕೈಯೇ. ಒಂದು ಲಕ್ಷ ಜನ ಉಂಡಿದ್ದ. ಎಷ್ಟು ಜನ ಸತ್ತ?” ಅದೇ ಕೈಯನ್ನು ಅವನ ಮುಂದೆ ಹಿಡಿದು ಹೇಳಿದಳು. “ಲಕ್ಷ ಸುಳ್ಳು. ಕೈ ಸುಳ್ಳಲ್ಲ.”

ವೆಂಕಟ್ರಮಣ ಅನ್ನದಲ್ಲಿ ಕೈಯಿಟ್ಟುಕೊಂಡು ಕೂತಿದ್ದ. ಆಮೇಲೆ ಮಿಡಿ ಕಚ್ಚಿದ. ಕಟುಂ ಎಂದಿತು. “ನನ್ನ ಮಾಣಿಗೆ ಬಹಳ ಇಷ್ಟವಾಗಿತ್ತು” ಎಂದವನೇ ಎಡಗೈಯಿಂದ ಕಣ್ಣು ಒರೆಸಿಕೊಂಡ. ಎದ್ದು ಹೋಗುವಾಗ ಪಂಚಾಂಗದಿಂದ ಕಾಗದ ತೆಗೆದು ಕೋಣೆಯ ಹೊಸಿಲ ಮೇಲಿಟ್ಟ.

ಮರುದಿನ ಬೆಳಿಗ್ಗೆ ಸುಬ್ಬಲಕ್ಷ್ಮಿ ಹಾಲು ಕರೆದು ಬಂದಾಗ ಕೋಣೆಯ ಬಾಗಿಲು ತೆರೆದೇ ಇತ್ತು. ಸೊಸೆಯ ಟ್ರಂಕು ಇರಲಿಲ್ಲ. ವೆಂಕಟ್ರಮಣನ ಕೊಡೆಯೂ ಇರಲಿಲ್ಲ. ಮಹಾಲಕ್ಷ್ಮೀ ನಿನ್ನೆ ತೆರೆದ ಭರಣಿಯ ಮಿಡಿಗಳನ್ನು ಬೇರೆ ಪಾತ್ರೆಗೆ ಸುರಿದು, ಖಾಲಿ ಭರಣಿಯನ್ನು ತೊಳೆದು, ಮೋಡ ಸರಿದು ಬಿದ್ದ ಚೂರು ಬಿಸಿಲಿಗೆ ಬಾಯಿ ಮಾಡಿ ಇಡುತ್ತಿದ್ದಳು.

“ಸುಮತಿ ಎಲ್ಲಿ ಅತ್ತೆ?”

ಮುದುಕಿ ತಲೆ ಎತ್ತಲಿಲ್ಲ.

“ಕುಮಟೆ ಬಸ್ಸು ಎಷ್ಟು ಗಂಟೆಗೆ ಬತ್ತು ಹೇಳಿ ನಿಂಗೆ ಗೊತ್ತಿದ್ದು. ನಿನ್ನ ಗಂಡ ಚಾ ಕುಡಿಯದೆ ಹೋದ ಹೇಳೂದೂ ಗೊತ್ತಿದ್ದು. ಹೊಸಿಲು ದಾಟುವಾಗ ಸುಮತಿ ಕೂಸು ಅತ್ತಿತ್ತೋ, ನಗಾಡಿತ್ತೋ, ನೀನೇ ಅಂದಾಜು ಮಾಡು ನೋಡನ.”